ಕೊಟ್ರವ್ವನ ಆರನೆಯ ಮನೆ

ಕೊಟ್ರವ್ವ ಏಳು ವರ್ಷದಲ್ಲಿ ದಾವಣಗೆರೆಯಲ್ಲಿ ಐದು ಬಾಡಿಗೆ ಮನೆ ಬದಲಿಸಿದಳು. ಅವಳ ಒಲೆಗಲ್ಲಿಗೆ ಕಾಲು ಬಂದಿದೆ ಎಂದು ನೆರೆಹೊರೆಯ ಹೆಂಗಸರು ನಗುತ್ತಿದ್ದರು. ನಗುವವರಿಗೇನು, ಅವರ ಗಂಡಂದಿರು ಉಂಡು ಮಲಗಿ ನೆಮ್ಮದಿಯಾಗಿ ಉಸಿರಾಡುತ್ತಿದ್ದರು. ಕೊಟ್ರವ್ವನ ಗಂಡ ಕೆಂಚವೀರಪ್ಪ ಮಾತ್ರ ಸೋಮವಾರ ಬಂತೆಂದರೆ ಗೋಡೆಗೆ ಬೆನ್ನು ಕೊಟ್ಟು ಕೂತು, ಎರಡೂ ಕೈಯಲ್ಲಿ ಎದೆ ಹಿಡಿದು, ಗಾಳಿಗಾಗಿ ಬಾಯಿ ಬಿಡುತ್ತಿದ್ದ.

ಸೋಮವಾರವೇ ಯಾಕೆ? ಅವಳನ್ನು ತಿಂದುಹಾಕಿದ ಪ್ರಶ್ನೆ ಇದೇ. ಅವನು ಬಟ್ಟೆ ಮಿಲ್ಲಿನಲ್ಲಿ ಹತ್ತಿ ಹಿಂಜುವ ಖಾತೆಯವನು. ಅಲ್ಲಿ ಅರಳೆಯ ಧೂಳು ಬೆಳಗಿನಿಂದ ಬೈಗಿನವರೆಗೆ ಮಂಜಿನ ಹಾಗೆ ಕವಿದಿರುತ್ತಿತ್ತು. ಮನೆಗೆ ಬರುವಾಗ ಅವನ ಹುಬ್ಬು ಮುದುಕರ ಹುಬ್ಬಿನಂತೆ ಬೆಳ್ಳಗಿರುತ್ತಿತ್ತು. ಆದರೂ ಗುರುವಾರ, ಶುಕ್ರವಾರದ ಹೊತ್ತಿಗೆ ಎದೆ ಹಗುರಾಗುತ್ತಿತ್ತು. ಭಾನುವಾರ ರಜೆ, ಇಡೀ ದಿನ ಮನೆಯಲ್ಲಿ. ಸೋಮವಾರ ಸಂಜೆ ಮತ್ತೆ ಅದೇ ಪಾಡು. ಕೊಟ್ರವ್ವ ಬೆರಳು ಮಡಚಿ ನೋಡಿದಳು: ಆರು ದಿನ ಮಿಲ್ಲಿನಲ್ಲಿದ್ದರೆ ಮೈ ಸುಧಾರಿಸುತ್ತದೆ, ಒಂದು ದಿನ ಮನೆಯಲ್ಲಿದ್ದರೆ ಕೆಡುತ್ತದೆ. ಅಂದಮೇಲೆ ದೋಷ ಮನೆಯದೇ. ನಾಲ್ಕಕ್ಷರ ಕಲಿತವರೂ ಅವಳ ಜಾಗದಲ್ಲಿ ಹೀಗೇ ಅನ್ನುತ್ತಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಮೊದಲ ಮನೆಯ ಬಾಗಿಲು ದಕ್ಷಿಣಕ್ಕಿತ್ತು, ಬಿಟ್ಟಳು. ಎರಡನೆಯದರಲ್ಲಿ ಹಿಂದೆ ಯಾರೋ ಬಾಣಂತಿ ತೀರಿಕೊಂಡಿದ್ದಳಂತೆ. ಮೂರನೆಯದರ ಹಿತ್ತಲಲ್ಲಿ ಹುಣಸೆ ಮರ. ನಾಲ್ಕನೆಯದಕ್ಕೆ ಹೆಸರಿಡಲು ಏನೂ ಸಿಗಲಿಲ್ಲ, ಆದರೂ ಬಿಟ್ಟಳು. ಐದನೆಯದು ವಿನೋಬನಗರದಲ್ಲಿ, ಅಲ್ಲಿಗೆ ಬಂದಮೇಲೆ ಸೋಮವಾರದ ಒಪ್ಪತ್ತು ಹಿಡಿದು, ಹರಿಹರೇಶ್ವರನಿಗೂ ಹರಕೆ ಕಟ್ಟಿಕೊಂಡಳು. ಕೆಂಚವೀರಪ್ಪ ಪ್ರತಿ ಸಲವೂ ಹಾಸಿಗೆಯ ಸುರುಳಿಯನ್ನು ತಲೆ ಮೇಲೆ ಹೊತ್ತು ಮಾತಿಲ್ಲದೆ ಅವಳ ಹಿಂದೆ ಬರುತ್ತಿದ್ದ. ಇಂಥ ಗಂಡ ಯಾರಿಗುಂಟು ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಐದನೆಯ ಮನೆಯೂ ಕೈಕೊಟ್ಟಾಗ ಅವಳಿಗೊಂದು ಉಪಾಯ ಹೊಳೆಯಿತು. ಭಾನುವಾರ ಮಿಲ್ಲಿನಲ್ಲಿ ಯಂತ್ರಗಳನ್ನು ಬಿಚ್ಚಿ, ವಾರದ ಧೂಳನ್ನೆಲ್ಲ ಹೊಡೆಯಲು ಆಳು ಬೇಕಿರುತ್ತಿತ್ತು. ಮನೆಯಲ್ಲಿ ಇದ್ದರೆ ತಾನೆ ಕೆಡುವುದು, ಆ ದಿನವೂ ಹೋಗಿಬಿಡ್ರಿ ಅಂದಳು. ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ರೊಟ್ಟಿ ಗಂಟು ತೆಗೆದುಕೊಂಡು ಹೋದ. ಆಶ್ಚರ್ಯವೆಂದರೆ ಸೋಮವಾರದ ಕಾಟ ನಿಂತೇಹೋಯಿತು. ಕೊಟ್ರವ್ವ ಹರಿಹರಕ್ಕೆ ಹೋಗಿ ಐದು ತೆಂಗಿನಕಾಯಿ ಒಡೆದು ಬಂದಳು. ಅವನು ಹಾಗೆ ಎರಡು ವರ್ಷ ಒಂದು ದಿನವೂ ತಪ್ಪದೆ ದುಡಿದ. ಆಮೇಲೆ ವಾರದ ಏಳು ದಿನವೂ ಸೋಮವಾರವಾಯಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ, ಮೂವತ್ತೆಂಟರ ಗಂಡಸು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಫ ನೋಡಿ, ಕ್ಷಯವಲ್ಲ ಎಂದು ಚೀಟಿ ಬರೆದು, ಕೆಂಪು ನೀರಿನ ಔಷಧ ಕೊಟ್ಟು, ಗಾಳಿ ಬಿಸಿಲು ಇರುವ ಕಡೆ ಇರಬೇಕು ಅಂದರು.

ಅದೇ ಸಮಯಕ್ಕೆ ಅವಳ ಅಣ್ಣ ಗುತ್ತೆಪ್ಪನ ಕಾಗದ ಬಂತು. ಅವನು ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದ. ಸಮುದ್ರದ ದಂಡೆಯ ಗೋದಾಮು ಕಾಯಲು ಒಬ್ಬ ಬೇಕು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಇಲ್ಲಿ ಬಿಸಿಲಿಗೂ ಗಾಳಿಗೂ ಬರವಿಲ್ಲ. ಅಮಾವಾಸ್ಯೆಯೊಳಗೆ ಭಾವ ಬಂದರೆ ಸಾಹುಕಾರರು ಇಟ್ಟುಕೊಳ್ಳುತ್ತಾರೆ, ತಡವಾದರೆ ಬೇರೆಯವರನ್ನು ನೋಡುತ್ತಾರೆ ಎಂದು ಬರೆಸಿದ್ದ. ಐದು ಮನೆಗೂ ಹೂಂ ಅಂದಿದ್ದ ಕೆಂಚವೀರಪ್ಪ ಇದಕ್ಕೆ ಮಾತ್ರ ಒಲ್ಲೆ ಅಂದ. ಬೇಕಾದರೆ ಆರನೆಯ ಮನೆ ಹುಡುಕು, ಮಿಲ್ಲು ಬಿಟ್ಟು ಬರುವುದಿಲ್ಲ ಅಂದ.

ಅಷ್ಟರಲ್ಲಿ ಮಿಲ್ಲಿನಲ್ಲಿ ಮುಷ್ಕರ ಶುರುವಾಯಿತು. ಹದಿನೈದು ದಿನ ಗೇಟು ಮುಚ್ಚಿತ್ತು. ಗಂಡನನ್ನು ಕರೆದುಕೊಂಡು ಅವಳು ಹರಿಹರದ ತವರಿಗೆ ಹೋದಳು. ಅವಳ ತಾಯಿ ಕಾಳವ್ವನ ಮನೆಯೆಂದರೆ ತಗ್ಗು ಮಾಡು, ತೇವದ ಗೋಡೆ, ಒಳಗೇ ಕಟ್ಟಿದ ಎರಡು ಆಡು, ಕಣ್ಣು ಬಿಡಲಾಗದಷ್ಟು ಹೊಗೆ. ದಾವಣಗೆರೆಯ ಐದು ಮನೆಗಳೂ ಇದರ ಮುಂದೆ ಅರಮನೆ. ಆದರೆ ಅಲ್ಲಿ ಕೆಂಚವೀರಪ್ಪ ಮಲಗಿ ನಿದ್ದೆ ಮಾಡಿದ. ಎಂಟನೆಯ ದಿನ ಹೊಳೆಯವರೆಗೆ ನಡೆದು ಹೋಗಿ ಬಂದ. ಕೊಟ್ರವ್ವನಿಗೆ ಆನಂದ. ಕಾರಣ ಕೇಳಿಕೊಳ್ಳಲು ಅವಳಿಗೆ ಹೆದರಿಕೆಯಾಯಿತು.

ಮುಷ್ಕರ ಮುರಿಯಿತು. ಸೋಮವಾರ ಬೆಳಗಿನ ರೈಲಿಗೆ ಅವನು ಹರಿಹರದಿಂದಲೇ ಕೆಲಸಕ್ಕೆ ಹೋದ. ಸಂಜೆ ಇಬ್ಬರು ಸ್ಟೇಷನ್ನಿನಿಂದ ಅವನ ಕಂಕುಳಿಗೆ ಕೈಕೊಟ್ಟು ನಡೆಸಿಕೊಂಡು ಬಂದರು. ತುಟಿ ನೇರಳೆಯಾಗಿತ್ತು. ಉಸಿರು ಕುಲುಮೆಯ ತಿದಿಯ ಹಾಗೆ ಏರಿಳಿಯುತ್ತಿತ್ತು. ಕೊಟ್ರವ್ವ ಬಾಗಿಲಲ್ಲಿ ನಿಂತಳು. ಅದೇ ಮನೆ, ಅದೇ ಹೊಗೆ, ಅದೇ ಆಡು. ಬದಲಾದದ್ದು ಒಂದೇ.

ಬಿಸಿನೀರು ಕುಡಿಸಿ, ಅವನ ಹುಬ್ಬಿನ ಮೇಲಿನ ಬಿಳಿಯನ್ನು ಸೆರಗಿನಿಂದ ಒರೆಸುತ್ತ ಅಂದಳು:

"ಮನೇದಲ್ಲ ಇದು. ಮಿಲ್ಲಿಂದು. ಅರಳೆ ನಿಮ್ಮೆದೇಲಿ ಕುಂತೈತೆ."

"ನಂಗೆ ಗೊತ್ತಿತ್ತು," ಅಂದ ಅವನು.

"ಯಾವಾಗಿಂದ?"

"ಮೊದಲ್ನೇ ಮನೆ ಬಿಟ್ವಲ್ಲ, ಆಗಿಂದ." ಸ್ವಲ್ಪ ಹೊತ್ತು ಗಾಳಿ ಹುಡುಕಿ ಮುಂದುವರಿಸಿದ. "ಹೇಳಿದ್ರೆ ನೀನು ಮಿಲ್ಲು ಬಿಡ್ರಿ ಅಂತಿದ್ದೆ. ಬಿಟ್ಟು ಏನ್ ಮಾಡ್ಲಿ? ಬ್ಯಾರೆ ಕೆಲ್ಸ ಬರಲ್ಲ ನಂಗೆ. ಮನೆ ಬದ್ಲಾಯಿಸಿದ್ರೆ ನಿಂಗಾದ್ರೂ ಸಮಾಧಾನ ಆಗ್ತೈತೆ ಅಂತ ಸುಮ್ನಿದ್ದೆ."

"ಭಾನ್ವಾರಾನೂ ಹೋಗ್ರಿ ಅಂದೆನಲ್ಲ. ಆಗ್ಲೂ ಗೊತ್ತಿತ್ತಾ?"

ಅವನು ಗೋಡೆಯ ಕಡೆ ಮುಖ ಮಾಡಿಕೊಂಡ.

ಕೊಟ್ರವ್ವನಿಗೆ ಅವನನ್ನು ಹೊಡೆಯಬೇಕೆನಿಸಿತು, ಅವನ ಕಾಲು ಹಿಡಿಯಬೇಕೆನಿಸಿತು. ಎರಡನ್ನೂ ಮಾಡಲಾರದೆ ಹಿತ್ತಲಿಗೆ ಹೋಗಿ ಹಗಲು ಆಡು ಕಟ್ಟುವ ಗೂಟದ ಹತ್ತಿರ ಕುಕ್ಕರಿಸಿ ಹಣೆ ಹಣೆ ಬಡಿದುಕೊಂಡಳು. ನೂರು ಭಾನುವಾರ. ಆ ನೂರು ದಿನವೂ ಮಿಲ್ಲಿನ ಅತಿ ಕೆಟ್ಟ ಧೂಳಿಗೆ, ಬುತ್ತಿ ಕಟ್ಟಿ, ತಾನೇ ಕೈಯಾರೆ ಕಳಿಸಿದ್ದಳು. ಅದನ್ನು ಯಾವ ದೇವರ ಮುಂದೆ ಯಾವ ಕಾಯಿ ಒಡೆದು ಹಿಂದಕ್ಕೆ ತರುವುದು?

ಮರುದಿನದಿಂದಲೇ ಅವಳು ಮಂಗಳೂರಿಗೆ ಗಂಟು ಕಟ್ಟತೊಡಗಿದಳು. ಅವನಲ್ಲಿ ಒಲ್ಲೆ ಅನ್ನುವಷ್ಟು ಉಸಿರೂ ಇರಲಿಲ್ಲ. ಎದ್ದು ಕೂರುವಂತಾಗಲು ಆರು ದಿನ ಬೇಕಾಯಿತು. ರೊಟ್ಟಿ ಹಂಚು, ಜೋಳದ ಹಿಟ್ಟು, ಎರಡು ಸೀರೆ, ಅವನ ಪಂಚೆ. ಹಾಸಿಗೆಯನ್ನು ಬಿಟ್ಟಳು, ಅದರೊಳಗೆ ತುಂಬಿದ್ದೂ ಮಿಲ್ಲಿನ ಅರಳೆಯೇ. ಸೋಮವಾರ ಅಷ್ಟು ದೂರ ಪಯಣ ಬ್ಯಾಡ ಎಂದು ಕಾಳವ್ವ ಅಂದಳು. ಅಮಾವಾಸ್ಯೆಗೆ ಉಳಿದದ್ದು ಎರಡೇ ದಿನ. ಕೊಟ್ರವ್ವ ಕೇಳಲಿಲ್ಲ.

ಶಿವಮೊಗ್ಗದ ಬಸ್ಸು ಹರಿಹರ ಸ್ಟ್ಯಾಂಡಿನಲ್ಲಿ ನಿಂತಿತ್ತು. ಹತ್ತುವಾಗಲೇ ಕೆಂಚವೀರಪ್ಪನಿಗೆ ಕೆಮ್ಮು ಒತ್ತಿತು. ಮುಂದಿನ ಸೀಟಿನವರು ಮೂಗಿಗೆ ಬಟ್ಟೆ ಹಿಡಿದರು. ಕ್ಷಯದವರನ್ನು ಹತ್ತಿಸುವಂತಿಲ್ಲ, ಇಳಿಸವ್ವ ಎಂದ ಕಂಡಕ್ಟರು. ಅವಳು ಡಾಕ್ಟರ ಚೀಟಿ ಹಿಡಿದಳು. ಅವನು ಅದನ್ನು ನೋಡಲೂ ಇಲ್ಲ. ಆಗ ಕೊಟ್ರವ್ವ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅವ್ರು ಇಲ್ಲೇ ಸಾಯ್ತಾರ್ರಿ. ಇದು ಬಿಟ್ರೆ ನಮಗೆ ಬ್ಯಾರೆ ಬಸ್ಸಿಲ್ಲ," ಅಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ.

ಕಂಡಕ್ಟರು ಅವಳನ್ನು ನೋಡಿದ, ಗಡಿಯಾರ ನೋಡಿದ, ಕೊನೆಗೆ ಹಿಂದಿನ ಸೀಟು ತೋರಿಸಿದ. ಅಲ್ಲಿ ಕೂತವರು ಎದ್ದು ಮುಂದೆ ಹೋದರು.

ಬಸ್ಸು ಹೊನ್ನಾಳಿ ದಾರಿ ಹಿಡಿಯಿತು. ಎರಡೂ ಕಡೆ ಭತ್ತದ ಗದ್ದೆ, ಕಿಟಕಿಯಿಂದ ಗಾಳಿ. ಕೆಂಚವೀರಪ್ಪ ಅವಳ ಹೆಗಲಿಗೆ ತಲೆ ಒರಗಿಸಿದ. ನಾಲ್ಕು ಜನರ ಎದುರು ಅವನು ಹಾಗೆ ಮಾಡಿದ್ದು ಅದೇ ಮೊದಲು. ತಲೆ ಎಷ್ಟು ಹಗುರಾಗಿತ್ತೆಂದರೆ ಅವಳಿಗೆ ಭಯವಾಯಿತು. ಅವಳು ಅವನ ಒಂದೊಂದೇ ಉಸಿರನ್ನು ಎಣಿಸುತ್ತ ಕೂತಳು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ಬಿಡದೆ, ಕೆಲಸಕ್ಕೆ ಹೊತ್ತಾಯಿತೇನೋ ಅನ್ನುವವನ ಹಾಗೆ ಗಾಬರಿಯಲ್ಲಿ ಕೇಳಿದ:

"ಇವತ್ತು ಯಾವ ವಾರ?"

ಕೊಟ್ರವ್ವ ಅವನ ಎದೆಯ ಮೇಲೆ ಕೈಯಿಟ್ಟಳು.

"ಭಾನ್ವಾರ," ಅಂದಳು. "ರಜಾ ಐತೆ. ಮಲಕ್ಕಳ್ರಿ."