ಗಿರಿಜಕ್ಕನಿಗೆ ಕೊಟ್ಟ ಬಿಸ್ಕತ್ತು

ಬಾಗಿಲಲ್ಲಿ ಗಿರಿಜಕ್ಕನನ್ನು ಕಂಡ ತಕ್ಷಣ ನಾನು ಮಾಡಿದ ಮೊದಲ ಕೆಲಸವೆಂದರೆ ಒಲೆಯ ಮೇಲಿದ್ದ ಹುರುಳಿ ಸಾರಿಗೆ ಮುಚ್ಚಳ ಮುಚ್ಚಿದ್ದು. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯಲ್ಲೇ ಇದ್ದವರು. ಊರಿನ ಕೇಬಲ್ ಚಾನೆಲ್ಲಿನಲ್ಲಿ ಅಡುಗೆ ಮಾಡಿ ತೋರಿಸಿದ ಮೊದಲ ಹೆಂಗಸು ಅವರೇ. ಈಗ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದಾರೆ. ಅವರ ಕಾರ್ಯಕ್ರಮವನ್ನು ರಾಜ್ಯವೆಲ್ಲ ನೋಡುತ್ತದೆ. ಅವತ್ತು ಮಗಳ ಮದುವೆಗೆ ಕರೆಯಲು ಬಂದಿದ್ದರು.

ಕುಂಕುಮ ಕೊಟ್ಟು, ಬೇಕರಿಯಿಂದ ತಂದಿಟ್ಟಿದ್ದ ಬಿಸ್ಕತ್ತನ್ನು ಅವರ ಮುಂದಿಟ್ಟೆ. ಮುಟ್ಟಲಿಲ್ಲ.

“ಸಾರಿನ ಘಮ ಗೇಟಿನ ತನಕ ಬರ್ತಿದೆ. ನಂಗೆ ಬಿಸ್ಕತ್ತು ಕೊಡ್ತೀಯಲ್ಲೇ ಮಾರಾಯ್ತಿ!”

“ಅಯ್ಯೋ, ನಾನು ಮಾಡಿದ್ದನ್ನ ನಿಮಗೆ ಹ್ಯಾಗೆ ಬಡಿಸ್ಲಿ ಅಕ್ಕ?”

“ಟೀವೀಲಿ ಬಂದಾಗಿಂದ ಎಲ್ರದ್ದೂ ಇದೇ ಮಾತು. ಹೋದ ಮನೇಲೆಲ್ಲ ಬಿಸ್ಕತ್ತು, ಬಾಳೆಹಣ್ಣು. ಊಟ ಮಾಡ್ಕೊಂಡು ಹೋಗಿ ಅಂತ ಒಬ್ರೂ ಅನ್ನಲ್ಲ.”

ಅನ್ನ, ಸಾರು ಬಡಿಸಿದೆ. ಉಪ್ಪು ತುಸು ಮುಂದಾಗಿತ್ತು, ನನಗೆ ಗೊತ್ತಿತ್ತು. ಅವರು ಆ ಬಗ್ಗೆ ಏನೂ ಹೇಳದೆ ಉಂಡರು. ಇನ್ನೊಮ್ಮೆ ಹಾಕಲೋ ಬೇಡವೋ ಎಂದು ನಾನು ಸೌಟು ಹಿಡಿದು ನಿಂತಿದ್ದಾಗ ತಾವೇ ತಟ್ಟೆಯನ್ನು ನನ್ನತ್ತ ಸರಿಸಿದರು.

ಟೀವಿಯಲ್ಲಿ ಅವರು ಮಾಡಿದ ಅಡುಗೆಯನ್ನು ಕೊನೆಗೆ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ “ಆಹಾ” ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಅನ್ನಲಿಲ್ಲ. ಉಂಡ ಕೈ ಒಣಗುವವರೆಗೂ ಮಾತಾಡುತ್ತಾ ಕೂತಿದ್ದರು.