ಯಾರೂ ಬಿಟ್ಟುಹೋಗದ ಕೇಂದ್ರ

ಹೊಸ ಔಷಧವನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಲು ಜಾಗ ಹುಡುಕುತ್ತಿದ್ದರೆ ದಕ್ಷಿಣ ಅಮೆರಿಕವನ್ನು ಒಮ್ಮೆ ನೋಡಿ. ಸ್ಪ್ಯಾನಿಷ್‌ನಲ್ಲಿ ಒಂದು ನಮೂನೆ ಅಚ್ಚು ಹಾಕಿಸಿದರೆ ನಾಲ್ಕು ದೇಶಕ್ಕೆ ಆಗುತ್ತದೆ. ದುಬಾರಿ ಔಷಧ ನುಂಗಿ ನೋಡಿರದ ರೋಗಿಗಳು, ಹಾಗಾಗಿ ಫಲಿತಾಂಶದಲ್ಲಿ ಕಲಬೆರಕೆ ಕಡಿಮೆ. ನಮಗೆ ಬೇಸಿಗೆಯಾದಾಗ ಅವರಿಗೆ ಚಳಿ. ಕೆಮ್ಮಿನ ಔಷಧದವರಿಗೆ ವರ್ಷವಿಡೀ ಕೆಲಸ. ಯಶವಂತಪುರದ ಲ್ಯಾಬೊಂದರಲ್ಲಿ ರಕ್ತದ ಬಾಟಲಿ ಹೊರುತ್ತಿದ್ದ ನಾನು ಯಲಹಂಕದಲ್ಲಿ ಎರಡು ಕೋಣೆಯ ಕಚೇರಿ ಮಾಡಿ, ಇಂಥ ಪರೀಕ್ಷೆಗಳ ದಾಖಲೆ ನೋಡಿಕೊಳ್ಳುವಷ್ಟಾದದ್ದು ಇದನ್ನೆಲ್ಲ ಬೇಗ ಅರಿತದ್ದರಿಂದ.

ದೊಡ್ಡ ಅನುಕೂಲ ಬೇರೆಯೇ ಇತ್ತು. ನಮ್ಮಲ್ಲಿ ರೋಗಿ ಹಬ್ಬಕ್ಕೆ ಊರಿಗೆ ಹೋದರೆ ಪತ್ತೆಯಿಲ್ಲ. ಅತ್ತೆ ಬೇಡವೆಂದರೆ ಮುಗಿಯಿತು. ಪೆರುವಿನ ನಮ್ಮ ಕೇಂದ್ರದಲ್ಲಿ ಕೀಲುನೋವಿನ ಮಾತ್ರೆಗೆ ಸೇರಿದವರಲ್ಲಿ ಐದು ತಿಂಗಳಾದರೂ ಒಬ್ಬರೂ ನಡುವೆ ಬಿಟ್ಟಿರಲಿಲ್ಲ. ಸೋಮವಾರ ಹೊಸ ಕಂಪನಿಯೊಂದಕ್ಕೆ ಇದನ್ನೇ ತೋರಿಸಿ ಕೆಲಸ ಹಿಡಿಯಬೇಕಿತ್ತು. ಕೈತಪ್ಪಿದರೆ ಕಚೇರಿ ಮುಚ್ಚಬೇಕು.

ಶುಕ್ರವಾರ ಸಂಜೆ, ರೋಗಿಗಳು ದಿನದಿನದ ನೋವು, ಹಸಿವು, ನಿದ್ದೆ ಬರೆದಿಡುವ ಸ್ಪ್ಯಾನಿಷ್ ದಿನಚರಿಗಳನ್ನು ಓದುವ ನಮ್ಮ ಕಚೇರಿಯ ಧಾರವಾಡದ ಹುಡುಗಿ ಕರೆದಳು.

"ಸರ್, ಹದಿನೇಳನೇ ನಂಬರಿನಾಕಿ ದಿನಚರಿ ನೋಡ್ರಿ. ಮೂರನೇ ತಿಂಗಳಿಂದ ನೋವು ಸೊನ್ನಿ."

"ಮಾತ್ರೆ ಕೆಲ್ಸ ಮಾಡಿದೆ ಕಣಮ್ಮ. ಅದಕ್ಕೂ ಅಳ್ಬೇಕಾ?"

"ಹಸಿವೂ ಸೊನ್ನಿ ಐತ್ರಿ. ನಿದ್ದಿ ಅಷ್ಟ ಭಾಳ ಚಲೋ ಅಂತ ಬರದಾರ."

ಆ ತಿಂಗಳಿಂದ ಅಕ್ಷರವೂ ಬದಲಾಗಿತ್ತು.

ಪೆರುವಿನ ಕೇಂದ್ರಕ್ಕೆ ವಿಡಿಯೋ ಕರೆ ಮಾಡಿಸಿದೆ. ಅಲ್ಲಿ ಬೆಳಿಗ್ಗೆ, ಮಾತ್ರೆ ಹಂಚುವ ದಿನ. ಹದಿನೇಳನೆಯವಳ ತಾಯಿ ದಿನಚರಿ ಹಿಡಿದು ಬೆಂಚಿನಲ್ಲೇ ಕೂತಿದ್ದರು. ಮಗಳೆಲ್ಲಿ ಎಂದು ನರ್ಸ್ ಕೇಳಿದಾಗ ಆಕೆ ನೆಮ್ಮದಿಯಾಗಿ ಉತ್ತರಿಸಿದರು. ಹುಡುಗಿ ಕನ್ನಡದಲ್ಲಿ ಹೇಳುತ್ತ ಹೋದಳು: ಮೂರನೇ ತಿಂಗಳಲ್ಲಿ ಮಗಳು ಮಲಗಿದಲ್ಲೇ ತೀರಿಕೊಂಡಳು. ಒಂದು ವರ್ಷ ಬಿಡಬಾರದು ಎಂದು ಡಾಕ್ಟರು ಹೇಳಿದ್ದರಲ್ಲ, ಅದಕ್ಕೆ ತಾಯಿ ಬಿಟ್ಟಿಲ್ಲ. ರಾತ್ರಿ ಫೋಟೋದ ಮುಂದೆ ಮಾತ್ರೆ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ಇರುವುದಿಲ್ಲ.

"ನಮ್ಮ ಕಡೆ ಸತ್ತವ್ರಿಗೆ ಎಡಿ ಇಡ್ತೀವಲ್ರಿ, ಹಂಗ," ಎಂದಳು.

ವೈದ್ಯರು ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು, ನಡುವೆ ಮನೆಯವರು ಯಾರಾದರೂ ದಿನಚರಿ ಕೊಟ್ಟು ಮಾತ್ರೆ ಒಯ್ಯಬಹುದು ಎಂದು ಚೌಕಾಸಿ ಮಾಡಿ ಮಾತ್ರೆಯ ಕಂಪನಿಯನ್ನು ಒಪ್ಪಿಸಿದವನು ನಾನೇ. ಬೇರೆ ಯಾವ ರಿಯಾಯಿತಿ ಬೇಕಾದರೂ ಕೇಳಿ, ಇದೊಂದನ್ನು ಕೇಳಬೇಡಿ. ಮಾತ್ರೆ ನುಂಗುತ್ತಿದ್ದ ಹೆಂಗಸೊಬ್ಬಳು ಸತ್ತಿದ್ದಳು; ನಮ್ಮ ಕಡತದಲ್ಲಿ ಅವಳು ದಿನೇದಿನೇ ಗುಣವಾಗುತ್ತಿದ್ದಳು.

ಸೋಮವಾರಕ್ಕೆಂದು ಮಾಡಿದ್ದ ಪುಟದಿಂದ 'ಒಬ್ಬರೂ ಬಿಟ್ಟಿಲ್ಲ' ಎಂಬ ಸಾಲು ಅಳಿಸಿದೆ. ಸಾವಿನ ವರದಿಯ ನಮೂನೆ ತೆಗೆಯಲು ಹೇಳಿದೆ.

"ಹಂಗಾದ್ರ ಹೊಸಾ ಕೆಲಸ, ಸರ್?"

"ಹೋದ್ರೆ ಹೋಗ್ಲಿ. ಬರಿಯಮ್ಮ."

ಅವಳು ಬರೆಯಲಿಲ್ಲ. ಪರದೆ ನೋಡುತ್ತಿದ್ದಳು. "ಹಸಿವು ಸೊನ್ನಿ ಇರೋರು ಇನ್ನೂ ಮೂರು ಮಂದಿ ಅದಾರ್ರಿ. ನರ್ಸ್ ಲೈನಿನಾಗ ಅದಾರ. ಕೇಳ್ಲೇನ್ರಿ?"

ನರ್ಸಿನ ಹಿಂದೆ ಬೆಂಚುಗಳು ತುಂಬಿದ್ದವು. ರೋಗಿಗಳ ಬದಲು ಬಂದ ಮನೆಯವರೇ ಹೆಚ್ಚು. ಎಲ್ಲರ ಮಡಿಲಲ್ಲೂ ನಾವೇ ಕಳಿಸಿದ ನೀಲಿ ರಟ್ಟಿನ ದಿನಚರಿ.

"ಒಬ್ಬೊಬ್ಬರನ್ನೇ ಕೇಳು," ಎಂದೆ.