ನಾನು ತೋರಿಸುತ್ತಿದ್ದ ಕಡಂಗ

ಮಾದಾಪುರದ ನಮ್ಮ ಕಾಫಿ ತೋಟಕ್ಕೆ ನೆಂಟರು ಬಂದಾಗಲೆಲ್ಲ ಕಾಡಂಚಿನ ಕಂದಕ ತೋರಿಸಿ, "ಇದು ಕಡಂಗ. ರಾಜರ ಕಾಲದಲ್ಲಿ ಶತ್ರುಗಳನ್ನು ತಡೆಯಲು ತೋಡಿದ್ದು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಕಳೆದ ವರ್ಷ ಹಾಗೆ ಹೇಳುತ್ತಿದ್ದಾಗ, ಪಕ್ಕದಲ್ಲೇ ಕಾಫಿ ಕುಯ್ಯುತ್ತಿದ್ದ ಮುದುಕಿ ನಕ್ಕುಬಿಟ್ಟಳು.

"ಅಯ್ಯೋ ಸಾವ್ಕಾರ್ರೇ, ಇದು ಆನೆ ಬರ್ಬಾರ್ದು ಅಂತ ನಿಮ್ಮಪ್ಪ ತೋಡ್ಸಿದ್ದು. ನೀವಾಗ ಹಾಸ್ಟೆಲಲ್ಲಿದ್ರಿ. ಮಣ್ಣು ಹೊತ್ತಿದ್ದು ನಾನೇ. ರಾಜರ ಕಾಲದ್ದು ನಾವು ಕೂಲಿಯೋರು ಇರೋ ಲೈನ್ ಮನೆ ಹಿಂದೆ ಇದೆ, ನೀವು ಕಾಫಿ ಸಿಪ್ಪೆ ಸುರಿಸ್ತೀರಲ್ಲ, ಅಲ್ಲಿ."

ಮುಖ ಸಪ್ಪಗೆ ಮಾಡಿಕೊಳ್ಳುವ ಸ್ವಭಾವ ನನ್ನದಲ್ಲ. ನೆಂಟರನ್ನು ನೇರ ಅಲ್ಲಿಗೇ ಕರೆದೊಯ್ದು, ಸಿಪ್ಪೆಯೊಳಗೇ ಇಳಿದು ನಿಂತೆ. ಎರಡೂ ಕಡೆಯ ಮಣ್ಣಿನ ಗೋಡೆ ನನ್ನ ತಲೆಗಿಂತ ಎತ್ತರವಿತ್ತು.

"ನೋಡಿ, ಇದು ಕಡಂಗ" ಎಂದೆ, ಮೊದಲಿನದೇ ಗತ್ತಿನಲ್ಲಿ. "ಮೊಣಕಾಲವರೆಗಿನ ಈ ಸಿಪ್ಪೆ ಮಾತ್ರ ನನ್ನ ಕಾಲದ್ದು."